ಹದಿನೆಂಟು ಅಡಿಯ ಹಕ್ಕು

ನಮ್ಮೂರಿನ ಸರ್ಕಾರಿ ಕಚೇರಿಯೊಂದಕ್ಕೆ ಮೂರು ಮೆಟ್ಟಿಲು, ಒಂದೊಂದೂ ಅರ್ಧ ಅಡಿ. ಪಕ್ಕದಲ್ಲೇ ಐದಡಿ ಉದ್ದದ ಸಿಮೆಂಟಿನ ಇಳಿಜಾರಿದೆ. ಗಾಲಿಕುರ್ಚಿಯಲ್ಲಿ ಓಡಾಡುವ ನಾನು ಅದನ್ನು ಹತ್ತಲು ಇಬ್ಬರು ಹಿಂದಿನಿಂದ ತಳ್ಳಬೇಕು. ಇಳಿಯುವಾಗ ದೇವರೇ ಗತಿ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಲೆಕ್ಕ. ಅಂದರೆ ಅಲ್ಲಿ ಹದಿನೆಂಟು ಅಡಿ ಇರಬೇಕಿತ್ತು. ಗುಮಾಸ್ತರು ಒಳ್ಳೆಯವರು, ರಿಜಿಸ್ಟರನ್ನೇ ಹೊರಗೆ ತಂದು ಸಹಿ ಪಡೆಯುತ್ತಾರೆ. ಅವರು ರಜೆ ಹಾಕಿದ ದಿನ ನನ್ನ ಕೆಲಸಕ್ಕೂ ರಜೆ.

ಆ ಹದಿನೆಂಟು ಅಡಿ ಕೇಳುವ ಅಧಿಕಾರ ನನಗೆ ನ್ಯೂಯಾರ್ಕಿನಿಂದ ಬಂತು. ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2007ರ ಮಾರ್ಚ್ 30ರಂದು, ಸಹಿಗೆ ತೆರೆದ ಮೊದಲ ದಿನವೇ, ಭಾರತ ಸಹಿ ಹಾಕಿತು. ಅದೇ ಅಕ್ಟೋಬರ್ 1ಕ್ಕೆ ಸ್ಥಿರೀಕರಿಸಿತು. ಆದರೆ ಅಷ್ಟರಿಂದಲೇ ಒಡಂಬಡಿಕೆ ಇಲ್ಲಿ ಕಾನೂನಾಗುವುದಿಲ್ಲ, ಸಂಸತ್ತು ಕಾಯ್ದೆ ಮಾಡಬೇಕು. ಅದು ಬಂದದ್ದು 2016ರ ಡಿಸೆಂಬರ್‌ನಲ್ಲಿ. ಸಹಿಗಿದ್ದ ಅವಸರ ಕಾಯ್ದೆಗೆ ಇರಲಿಲ್ಲ.

1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು, ಹೊಸದು 21. ಆ್ಯಸಿಡ್ ದಾಳಿಗೆ ತುತ್ತಾದವರೂ ಥಲಸ್ಸೇಮಿಯಾ ಇರುವವರೂ ಈಗ ಪಟ್ಟಿಯಲ್ಲಿದ್ದಾರೆ. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಶೇ 3ರಿಂದ 4ಕ್ಕೆ ಏರಿತು. ನನಗೆ ಮುಖ್ಯವಾದದ್ದು 45ನೇ ಕಲಂ: ನಿಯಮಗಳು ಬಂದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಾವು ಬಳಸುವಂತೆ ಮಾಡಬೇಕು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು.

ದುಡ್ಡಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಅದೇ ಕಚೇರಿಗೆ ಗ್ರಾನೈಟ್ ಹಾಕಿಸಿದ್ದನ್ನು ಕಂಡಿದ್ದೇನೆ. ದೋಷ ನಿಯಮದಲ್ಲೇ ಇತ್ತು. ಕಾಯ್ದೆ ಮಾಡಲೇಬೇಕು ಎಂದರೆ, ಅದರ ಕೆಳಗಿನ 15ನೇ ನಿಯಮ ನೆಚ್ಚಿಕೊಂಡಿದ್ದ ಮಾರ್ಗಸೂಚಿಗಳು ಮಾಡಿದರೆ ಒಳ್ಳೆಯದು ಎಂಬ ಧಾಟಿಯವು. ದೃಷ್ಟಿದೋಷವುಳ್ಳ ರಾಜೀವ್ ರತೂರಿ 2005ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ಅವರ ಪ್ರಕರಣದಲ್ಲಿ ಕೋರ್ಟು 2024ರ ನವೆಂಬರ್ 8ರಂದು ಆ ನಿಯಮ ಕಾಯ್ದೆಗೇ ವಿರುದ್ಧ ಎಂದಿತು. ತಪ್ಪಿಸಿಕೊಳ್ಳಲಾಗದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು.

ಕಾಯ್ದೆಗೆ ಹಲ್ಲೂ ಇದೆ. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ. ನಿಮ್ಮ ಹಕ್ಕಿಗೆ ಅಡ್ಡಿಯಾದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಬಾಯಿಮಾತು ಬೇಡ, ಬರೆದು ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.