ಸೋರಿಯಾಸಿಸ್ ಸಂಧಿವಾತ: ರಕ್ತ ಪರೀಕ್ಷೆ ‘ನಾರ್ಮಲ್’ ಬಂದರೆ ನಿಶ್ಚಿಂತೆಯೇ?

ಸೋರಿಯಾಸಿಸ್ ಬರೀ ಚರ್ಮದ ಕಾಯಿಲೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಕೆಲವರಲ್ಲಿ ಅದು ಕೀಲುಗಳಿಗೂ ಬರುತ್ತದೆ. ಇದೇ ಸೋರಿಯಾಟಿಕ್ ಆರ್ಥ್ರೈಟಿಸ್. ಸಾಮಾನ್ಯವಾಗಿ ಚರ್ಮದ ತೊಂದರೆ ಶುರುವಾಗಿ ಹಲವು ವರ್ಷಗಳಾದ ಮೇಲೆ ಕೀಲುನೋವು ಕಾಣಿಸಿಕೊಳ್ಳುತ್ತದೆ. ಆಗ ವೈದ್ಯರು ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ಎರಡು ರಕ್ತ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ.

ಇಎಸ್‌ಆರ್: ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ರಕ್ತಕಣಗಳು 1 ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತವೆ ಎಂಬ ಅಳತೆ. ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ವಯಸ್ಸಾದವರಲ್ಲಿ, ರಕ್ತಹೀನತೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಕೂಡ ಈ ಸಂಖ್ಯೆ ಹೆಚ್ಚಿರಬಹುದು.

ಸಿಆರ್‌ಪಿ: ಯಕೃತ್ತು ತಯಾರಿಸುವ ಒಂದು ಪ್ರೋಟೀನ್. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಶಮನವಾದರೆ ಬೇಗ ಇಳಿಯುತ್ತದೆ. ಸೋಂಕು, ಬೊಜ್ಜು ಇದ್ದಾಗಲೂ ಏರುತ್ತದೆ.

ಕಾಯಿಲೆಯ ತೀವ್ರತೆ ತಿಳಿಯುವುದು ಹೇಗೆ?

ಸಿಆರ್‌ಪಿ ಹೆಚ್ಚಾಗಿಯೇ ಉಳಿದರೆ ಮುಂದೆ ಕೀಲು ಸವೆದು ಹಾಳಾಗುವ ಅಪಾಯ ಹೆಚ್ಚು. ಆದರೆ ಇದರ ವಿರುದ್ಧ ಅರ್ಥ ನಿಜವಲ್ಲ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ, ಕೀಲು ಊದಿಕೊಂಡಿದ್ದರೂ ಈ ಎರಡು ಪರೀಕ್ಷೆಗಳು ನಾರ್ಮಲ್ ಬರಬಹುದು. 2006ರಲ್ಲಿ ಪ್ರಕಟವಾದ ‘ಕ್ಯಾಸ್ಪರ್’ ಎಂಬ ಗುರುತಿಸುವ ಮಾನದಂಡದಲ್ಲಿ ಇವೆರಡಕ್ಕೂ ಸ್ಥಾನವೇ ಇಲ್ಲ.

ತೀವ್ರತೆ ಅಳೆಯಲು ತಜ್ಞರು ‘ಡಾಪ್ಸಾ’ ಎಂಬ ಅಂಕ ಬಳಸುತ್ತಾರೆ. ಇದರಲ್ಲಿ ಐದು ಅಂಶಗಳಿವೆ: ಒತ್ತಿದರೆ ನೋಯುವ ಕೀಲುಗಳು (68ರಲ್ಲಿ ಎಷ್ಟು), ಊದಿದ ಕೀಲುಗಳು (66ರಲ್ಲಿ ಎಷ್ಟು), ರೋಗಿ ಹೇಳುವ ನೋವಿನ ಮಟ್ಟ, ಕಾಯಿಲೆ ಒಟ್ಟಾರೆ ಹೇಗಿದೆ ಎಂಬ ರೋಗಿಯ ಅಂದಾಜು, ಮತ್ತು ಸಿಆರ್‌ಪಿ. ಒಟ್ಟು 4 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಶಮನವಾಗಿದೆ ಎಂದು, 28 ದಾಟಿದರೆ ತೀವ್ರವಾಗಿದೆ ಎಂದು ಅರ್ಥ.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

• ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಕೀಲು ಬಿಗಿತ
• ಕೈ ಅಥವಾ ಕಾಲಿನ ಒಂದು ಬೆರಳು ಇಡಿಯಾಗಿ ಊದಿಕೊಳ್ಳುವುದು
• ಹಿಮ್ಮಡಿ ನೋವು
• ಉಗುರಿನ ಮೇಲೆ ಸೂಜಿ ಚುಚ್ಚಿದಂತಹ ಕುಳಿಗಳು

ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದ್ದು ಇಂತಹ ಲಕ್ಷಣ ಕಂಡರೆ, ವರದಿ ನಾರ್ಮಲ್ ಇದ್ದರೂ ಸಂಧಿವಾತ ತಜ್ಞರಿಗೆ ತೋರಿಸಿ. ಹಾಳಾದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಬೇಗ ಚಿಕಿತ್ಸೆ ಶುರುವಾದರೆ ಉಳಿದ ಕೀಲುಗಳನ್ನು ಕಾಪಾಡಿಕೊಳ್ಳಬಹುದು. ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಿರಿ. ಸಿಆರ್‌ಪಿ ಇಳಿಯಿತೆಂದು ನೀವಾಗಿಯೇ ಔಷಧಿ ನಿಲ್ಲಿಸಬೇಡಿ.