ಕಳವು ಅಲ್ಲಿ, ನಷ್ಟ ಇಲ್ಲಿ

ಬೆಳಕವಾಡಿಯ ಕಿರಾಣಿ ಅಂಗಡಿಯಲ್ಲಿ ಸಾಲದ ಪುಸ್ತಕ ಕಳೆದರೆ ನಷ್ಟ ಅಂಗಡಿಯವನದೇ. ಗಿರಾಕಿಯ ಹೆಸರು, ವಿಳಾಸಗಳನ್ನು ಗಣಕಯಂತ್ರದಲ್ಲಿ ತುಂಬಿಕೊಳ್ಳುವ ಕಂಪನಿಗಳ ಲೆಕ್ಕ ತಲೆಕೆಳಗು. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ ಮಾರಾಟಕ್ಕಿದೆಯೆಂದು ಸೈಬಲ್ ಸಂಸ್ಥೆ ತಿಳಿಸಿತು. ಕಂಪನಿ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಮರುವರ್ಷ ಅದೇ ಮಾಹಿತಿ ಬಿಟ್ಟಿಯಾಗಿಯೇ ಹರಿದಾಡಿತು. ಗುಪ್ತಪದಗಳಿಗೆ ಹೊದಿಸಿದ್ದು ಎಸ್‌ಎಚ್‌ಎ-1 ಎಂಬ, ಸುಲಭವಾಗಿ ಊಹಿಸಿ ಬಿಡಿಸಬಹುದಾದ ಹಳೆಯ ವಿಧಾನವೆಂದು ವರದಿಗಳು ಹೇಳಿದವು.

ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿ ಸೇರಿಸಿದ 43-ಎ ಕಲಮು, ಸೂಕ್ಷ್ಮ ಮಾಹಿತಿಯ ರಕ್ಷಣೆಯಲ್ಲಿ ಅಸಡ್ಡೆ ತೋರಿದ ಕಂಪನಿ ನೊಂದವರಿಗೆ ಪರಿಹಾರ ಕೊಡಬೇಕೆಂದಿತು. (ಗುಪ್ತಪದವೂ 2011ರ ನಿಯಮಗಳಂತೆ ಸೂಕ್ಷ್ಮ ಮಾಹಿತಿಯೇ.) 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಗೊತ್ತುಮಾಡಿ, ಆ ಕಲಮನ್ನೇ ಕೈಬಿಡಲು ಹೇಳುತ್ತದೆ. ದಂಡದ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಗಿರಾಕಿಗೆ ಅದರಲ್ಲಿ ಪಾಲಿಲ್ಲ.