ಗಾದೆಗಳಲ್ಲಿ ಉಳಿದ ನಿಷೇಧರೂಪ: 'ಬಾರದು' ಮತ್ತು 'ಬರಲ್ಲ'

ಮನೆಯ ಹಿರಿಯರಿಂದ ಕೇಳಿ ಕಲಿತ ಗಾದೆಗಳನ್ನು ನಾವು ಸಾಮಾನ್ಯವಾಗಿ ಅವುಗಳ ನೀತಿಗಾಗಿ ಓದುತ್ತೇವೆ. ಕಿಟ್ಟೆಲ್ ಅವರ 1894ರ ನಿಘಂಟು ಅವನ್ನು ಪದಪ್ರಯೋಗದ ನಿದರ್ಶನಗಳಾಗಿ ಬಳಸಿತು. ಪ್ರಸ್ತುತ ಲೇಖನದಲ್ಲಿ ನಾವು ಅವನ್ನು ವ್ಯಾಕರಣದ ಆಕರಗಳಾಗಿ ಪರಿಶೀಲಿಸುತ್ತೇವೆ.

(1) ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.
(2) ವೇದ ಸುಳ್ಳಾದರೂ ಗಾದೆ ಸುಳ್ಳಾಗದು.
(3) ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು.

ಈ ಮೂರರಲ್ಲೂ ನಿಷೇಧಾರ್ಥವು ಪ್ರತ್ಯೇಕ ಪದವಾಗಿರದೆ ಕ್ರಿಯಾಪದದೊಳಗೇ ಅಡಕವಾಗಿದೆ. ಹಳಗನ್ನಡದಲ್ಲಿ ಈ ರೂಪಾವಳಿ ಎಲ್ಲ ಪುರುಷಗಳಲ್ಲಿಯೂ ಬಳಕೆಯಲ್ಲಿತ್ತು. ಇಂದಿನ ಆಡುಮಾತಾದರೋ 'ಇಲ್ಲ'ವನ್ನು ಆಶ್ರಯಿಸುತ್ತದೆ: ದಕ್ಷಿಣದಲ್ಲಿ 'ಬರಲ್ಲ', ಉತ್ತರದಲ್ಲಿ 'ಬರಂಗಿಲ್ಲ'. 'ಬಾರದ', 'ಬಗ್ಗದ' ಮೊದಲಾದ ನಿಷೇಧ ಕೃದಂತಗಳು ಇಂದಿಗೂ ಜೀವಂತವಾಗಿರುವುದರಿಂದ ಅವನ್ನು ಇಲ್ಲಿ ಸಾಕ್ಷ್ಯವಾಗಿ ಪರಿಗಣಿಸಿಲ್ಲ.

ಹಳೆಯ ರೂಪ ಉಳಿದದ್ದು ಲಯದ ಕಾರಣದಿಂದ ಎಂಬ ವಿವರಣೆ ಸಹಜವಾಗಿಯೇ ಹೊಳೆಯುತ್ತದೆ. (3)ರಲ್ಲಿ 'ಅರಿಯುವುದಿಲ್ಲ' ಎಂದು ಎರಡು ಬಾರಿ ಹೇಳಿದರೆ ಸಾಲು ಭಾರವಾಗುವುದು ನಿಜ. ಆದರೆ (1)ಕ್ಕೆ ಈ ವಿವರಣೆ ಸಾಲದು. 'ಬಾರದು', 'ಬರಲ್ಲ' ಎರಡೂ ಮೂರಕ್ಷರದ, ನಾಲ್ಕು ಮಾತ್ರೆಗಳ ಪದಗಳು. ಲಯವೊಂದೇ ಕಾರಣವಾಗಿದ್ದರೆ ಆಡುಮಾತಿನ ರೂಪಕ್ಕೆ ತಡೆಯಿರುತ್ತಿರಲಿಲ್ಲ.

ಭೇದವಿರುವುದು ಅರ್ಥದಲ್ಲಿ. 'ಅವನು ನಾಳೆ ಬರಲ್ಲ' ಎಂಬುದು ಒಂದು ಘಟನೆಯ ನಿರಾಕರಣೆ. 'ಹೋದ ಮಾನ ಬಾರದು' ಎಂಬುದು ಕಾಲಾತೀತವಾದ, ವಸ್ತುಸ್ವಭಾವದಿಂದಲೇ ಒದಗುವ ಅಸಾಧ್ಯತೆ. 'ಮಾಡಬಾರದು', 'ಕೂಡದು', 'ಸಾಲದು' ಎಂಬ ರೂಪಗಳು ಆಡುಮಾತಿನಲ್ಲೂ ಉಳಿದಿರುವುದು ಗಮನಾರ್ಹ. ಅವೂ ಘಟನೆಯನ್ನಲ್ಲ, ವಿಧಿಯನ್ನೋ ಮಿತಿಯನ್ನೋ ಸೂಚಿಸುತ್ತವೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬಲ್ಲಿ ಸಂಭಾವನಾರೂಪವು ಪ್ರಶ್ನೆಯ ಮೂಲಕ ಇದೇ ಅಸಾಧ್ಯತೆಯನ್ನು ಸಾಧಿಸುತ್ತದೆ. ಮೇಲಿನ ಮೂರು ಗಾದೆಗಳಲ್ಲೂ ನಿಷೇಧರೂಪವು ನಪುಂಸಕ ಏಕವಚನದಲ್ಲಿಯೇ ಇರುವುದು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ: ಗಾದೆ ನುಡಿಯುವುದು 'ನಾನು', 'ನೀನು'ಗಳ ಕುರಿತಲ್ಲ, ಲೋಕದ ಕುರಿತು.

ಇದರಿಂದ ಕ್ಷೇತ್ರಕಾರ್ಯಕ್ಕೆ ಒಂದು ಎಚ್ಚರಿಕೆ ದೊರೆಯುತ್ತದೆ. ಅಜ್ಜಿಯ ಬಾಯಿಯ 'ಬಾರದು' ಸಂಗ್ರಾಹಕನ ಟಿಪ್ಪಣಿಯಲ್ಲಿ 'ಬರುವುದಿಲ್ಲ' ಎಂದು ತಿದ್ದುಗೊಂಡರೆ ನೀತಿ ಉಳಿಯುತ್ತದೆ, ವ್ಯಾಕರಣದ ಸಾಕ್ಷ್ಯ ಅಳಿಯುತ್ತದೆ. ಮೊಮ್ಮಗಳು ಅದನ್ನೇ 'ಬರಲ್ಲ' ಎಂದು ನುಡಿದರೆ ಅದೂ ತಪ್ಪಲ್ಲ, ಬದಲಾವಣೆಯ ದಾಖಲೆ. ಎರಡನ್ನೂ ನುಡಿದಂತೆಯೇ, ನುಡಿದವರ ವಯಸ್ಸು ಮತ್ತು ಊರಿನೊಡನೆ ಬರೆದಿಡುವುದು ಅವಶ್ಯ.